ಅರಮನೆ ಮತ್ತು ಪ್ರಜೆಗಳ ನಡುವಣ ಒಪ್ಪಂದ: ಮೈಸೂರು, 1947



1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾಯಿತು ಎಂಬುದನ್ನು ನೀವೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಆದರೆ ಆ ದಿನ ಕಡೂರು ತಾಲ್ಲೂಕಿನ ಯಗಟಿಯಲ್ಲಿದ್ದ ಒಬ್ಬ ರೈತನ ಮಟ್ಟಿಗೆ ಏನು ಬದಲಾಯಿತು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಹಿಂದಿನ ದಿನ ಅವನನ್ನು ಆಳುತ್ತಿದ್ದವರು ಮೈಸೂರಿನ ಮಹಾರಾಜರು, ಅವರ ಪರವಾಗಿ ಆಡಳಿತ ನಡೆಸುತ್ತಿದ್ದವರು ದಿವಾನರು. ಮರುದಿನವೂ ಅವರೇ. ಕಂದಾಯ ವಸೂಲಿಗೆ ಬರುತ್ತಿದ್ದವರು ಅದೇ ಪಟೇಲರು, ಅದೇ ಶ್ಯಾನುಭೋಗರು. ಅವರ ಮೇಲೆ ಅದೇ ಅಮಲ್ದಾರರು. ದೆಹಲಿಯಲ್ಲಿ ಧ್ವಜ ಬದಲಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಅಧಿಕಾರ ಇದ್ದಲ್ಲೇ ಇತ್ತು.

ಈ ಅಧಿಕಾರ ಅರಮನೆಯಿಂದ ಪ್ರಜೆಗಳ ಕೈಗೆ ಬಂದದ್ದು ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ. ಅದು ಯುದ್ಧದಿಂದ ಬಂದದ್ದಲ್ಲ, ಅರಸರ ಔದಾರ್ಯವೊಂದರಿಂದಲೇ ಬಂದದ್ದೂ ಅಲ್ಲ. ಸುಮಾರು ನಲವತ್ತು ದಿನಗಳ ಹೋರಾಟ, ಅದರ ಕೊನೆಯಲ್ಲಿ ಅರಮನೆಯ ಪರವಾಗಿ ದಿವಾನರು ಹಾಗೂ ವಿರೋಧ ಪಕ್ಷವಾಗಿದ್ದ ಮೈಸೂರು ಕಾಂಗ್ರೆಸ್ಸಿನ ನಾಯಕರು ಮಾಡಿಕೊಂಡ ಒಂದು ಒಪ್ಪಂದ, ಇವೆರಡರಿಂದ ಬಂತು. ಆ ಬಿಕ್ಕಟ್ಟು ಏಕೆ ಹುಟ್ಟಿತು, ಹೇಗೆ ಬಿಡಿಸಿಕೊಂಡಿತು, ಅದಕ್ಕಾಗಿ ಯಾರು ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ಈ ಭಾಷಣದಲ್ಲಿ ನೋಡೋಣ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1831ರಿಂದ ಐವತ್ತು ವರ್ಷ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. 1881ರ ಮಾರ್ಚ್ ತಿಂಗಳಲ್ಲಿ ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಲಾಯಿತು. ದಿವಾನರಾದ ಸಿ. ರಂಗಾಚಾರ್ಲು ಅವರು ಅದೇ ವರ್ಷ ಒಂದು ಹೊಸ ಸಭೆಯನ್ನು ಏರ್ಪಡಿಸಿದರು. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆ. 1881ರ ಅಕ್ಟೋಬರ್ 7ರಂದು ನಡೆದ ಮೊದಲ ಅಧಿವೇಶನಕ್ಕೆ 144 ಮಂದಿ ಬಂದಿದ್ದರು. ತಾಲ್ಲೂಕುಗಳಿಂದ ಜಮೀನುಳ್ಳ ರೈತರು, ಊರುಗಳಿಂದ ವರ್ತಕರು. ಭಾರತದ ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲು. ಮುಂದೆ 1907ರಲ್ಲಿ ನ್ಯಾಯವಿಧಾಯಕ ಸಭೆ ಎಂಬ ಎರಡನೆಯ ಸಭೆಯೂ ಸ್ಥಾಪಿತವಾಯಿತು. 1923ರ ಸುಧಾರಣೆಗಳು ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರ ಒದಗಿಸಿದವು.

ಇದನ್ನು ಕೇಳಿದಾಗ ಮೈಸೂರಿನಲ್ಲಿ ಪ್ರಜಾಪ್ರಭುತ್ವ ಆಗಲೇ ಇತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಇಲ್ಲಿಯೇ ನಾವು ಒಂದು ಮುಖ್ಯವಾದ ವ್ಯತ್ಯಾಸವನ್ನು ಗುರುತಿಸಬೇಕು. ಹೇಳುವ ಹಕ್ಕು ಬೇರೆ, ನಿರ್ಧರಿಸುವ ಹಕ್ಕು ಬೇರೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಯಗಟಿಯ ಕಡೆ ಬಯಲು ಸೀಮೆ. ಮಳೆ ಕಡಿಮೆ, ರಾಗಿ, ತೆಂಗು, ಕೆರೆಯ ನೀರು ಇವುಗಳ ಮೇಲೆ ಬದುಕು. ಒಂದು ವರ್ಷ ಕೆರೆಯ ಏರಿ ಬಿರಿದಿದೆ, ತೂಬು ಕೆಟ್ಟಿದೆ. ರೈತರು ಅಮಲ್ದಾರರಿಗೆ ಅರ್ಜಿ ಕೊಡುತ್ತಾರೆ. ಕೆಲಸವಾಗುವುದಿಲ್ಲ. ತಾಲ್ಲೂಕಿನ ಪ್ರತಿನಿಧಿ ಮೈಸೂರಿಗೆ ಹೋಗಿ ದಸರಾ ಅಧಿವೇಶನದಲ್ಲಿ ಎದ್ದು ನಿಂತು ಅಹವಾಲು ಹೇಳುತ್ತಾನೆ. ದಿವಾನರು ಗೌರವದಿಂದಲೇ ಕೇಳುತ್ತಾರೆ. ವಿಷಯವನ್ನು ಪರಿಶೀಲಿಸಲಾಗುವುದು ಎನ್ನುತ್ತಾರೆ. ಪರಿಶೀಲಿಸಿದರೆ ಸಂತೋಷ. ಪರಿಶೀಲಿಸದೆ ಹೋದರೆ? ಆ ಪ್ರತಿನಿಧಿಗೆ ದಿವಾನರನ್ನು ಬದಲಾಯಿಸುವ ಅಧಿಕಾರವಿಲ್ಲ. ಇಡೀ ಸಭೆ ಒಂದಾಗಿ ನಿಂತರೂ ಅವರನ್ನು ಇಳಿಸುವಂತಿಲ್ಲ. ದಿವಾನರು ಉತ್ತರ ಹೇಳಬೇಕಾದದ್ದು ಮಹಾರಾಜರಿಗೆ, ಸಭೆಗಲ್ಲ.

ಮಂತ್ರಿಗಳು ಜನ ಆರಿಸಿದ ಸಭೆಗೆ ಉತ್ತರ ಹೇಳಬೇಕು, ಸಭೆಯ ವಿಶ್ವಾಸ ಕಳೆದುಕೊಂಡರೆ ಅಧಿಕಾರ ಬಿಡಬೇಕು ಎಂಬ ವ್ಯವಸ್ಥೆಗೆ ಆ ಕಾಲದಲ್ಲಿ ಜವಾಬ್ದಾರಿ ಸರ್ಕಾರ ಎಂದು ಹೆಸರು. ಮೈಸೂರಿನ ಹೋರಾಟವೆಲ್ಲ ಈ ಎರಡು ಪದಗಳ ಸುತ್ತ ನಡೆಯಿತು.

ಇನ್ನೊಂದು ಮಾತನ್ನೂ ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಮೈಸೂರಿನ ಆಡಳಿತ ಕೆಟ್ಟದಾಗಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಕಾವೇರಿಗೆ ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಲಾಯಿತು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರನ್ನು ಜನ ರಾಜರ್ಷಿ ಎಂದು ಕರೆದದ್ದು ಬರಿಯ ಮುಖಸ್ತುತಿಯಲ್ಲ. ಆದ್ದರಿಂದಲೇ ಮೈಸೂರಿನ ಪ್ರಶ್ನೆ ಹೆಚ್ಚು ಕಠಿಣವಾಗಿತ್ತು. ದಬ್ಬಾಳಿಕೆ ಮಾಡುವ ಅರಸನನ್ನು ವಿರೋಧಿಸುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಒಳ್ಳೆಯ ಅರಸರಿರುವಾಗ, ಆಡಳಿತ ಚೆನ್ನಾಗಿರುವಾಗ, ನಿಮಗೆ ಇನ್ನೇನು ಬೇಕು ಎಂದು ಯಾರಾದರೂ ಕೇಳಿದರೆ ಏನು ಉತ್ತರ? ಮೈಸೂರು ಕಾಂಗ್ರೆಸ್ಸಿನ ಉತ್ತರ ಹೀಗಿತ್ತು: ಒಳ್ಳೆಯ ಆಡಳಿತ ನಮಗೆ ದಯೆಯಾಗಿ ಬರಬಾರದು, ಹಕ್ಕಾಗಿ ಬರಬೇಕು. ಅರಸರು ಒಳ್ಳೆಯವರಾಗಿರುವುದು ನಮ್ಮ ಅದೃಷ್ಟ. ಅದೃಷ್ಟವನ್ನು ನಂಬಿ ಒಂದು ರಾಜ್ಯ ಸದಾಕಾಲ ನಡೆಯಲಾರದು.

ಈ ಉತ್ತರವನ್ನು ಕೊಟ್ಟ ಪಕ್ಷ ಬಲಗೊಂಡದ್ದು 1937ರಲ್ಲಿ. ರೈತರ ಮತ್ತು ಹಿಂದುಳಿದ ವರ್ಗಗಳ ಪ್ರಶ್ನೆಗಳನ್ನು ಎತ್ತಿಕೊಂಡಿದ್ದ ಪ್ರಜಾ ಸಂಯುಕ್ತ ಪಕ್ಷ ಆ ವರ್ಷ ಕಾಂಗ್ರೆಸ್ಸಿನಲ್ಲಿ ವಿಲೀನವಾಯಿತು. ಅದರಿಂದ ಬಂದ ನಾಯಕರಲ್ಲಿ ಮುಖ್ಯರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರಾದ ಕೆ. ಚೆಂಗಲರಾಯ ರೆಡ್ಡಿಯವರು. ನಗರದ ವಿದ್ಯಾವಂತರ ಪಕ್ಷವೆನಿಸಿದ್ದ ಕಾಂಗ್ರೆಸ್ಸಿಗೆ ಇದರಿಂದ ಹಳ್ಳಿಗಳ ಬೆಂಬಲ ದೊರೆಯಿತು.

1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಸಮಾವೇಶ ಸೇರಿತು. ಸರ್ಕಾರದ ನಿಷೇಧವನ್ನು ಮೀರಿ ಅಲ್ಲಿ ಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರು ಎಷ್ಟು ಮಂದಿ ಎಂಬುದಕ್ಕೆ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಸರ್ದಾರ್ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತುಕತೆ ನಡೆಸಿದರು. ಕಾಂಗ್ರೆಸ್ಸಿನ ಧ್ವಜವನ್ನು ಮೈಸೂರಿನ ಧ್ವಜದ ಜೊತೆಯಲ್ಲಿ ಹಾರಿಸಬಹುದು ಎಂದು ಒಪ್ಪಂದವಾಯಿತು. ಧ್ವಜದ ಜಗಳ ಮುಗಿಯಿತು. ಅಧಿಕಾರದ ಪ್ರಶ್ನೆ ಹಾಗೆಯೇ ಉಳಿಯಿತು. ಮುಂದಿನ ಒಂಬತ್ತು ವರ್ಷಗಳ ಕಥೆಯೆಲ್ಲ ಈ ಉಳಿದ ಪ್ರಶ್ನೆಯ ಕಥೆ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮ ಊರಿನಲ್ಲಿ ತಮ್ಮದೇ ಸರ್ಕಾರವೆಂದು ಸಾರಿದರು. ಅದರ ಬೆನ್ನಲ್ಲೇ ನಡೆದ ಘರ್ಷಣೆಯ ಮೊಕದ್ದಮೆಯಲ್ಲಿ ಐವರು 1943ರಲ್ಲಿ ಗಲ್ಲಿಗೇರಿದರು.

ಇತ್ತ ಅರಮನೆಯಲ್ಲಿಯೂ ಬದಲಾವಣೆಯಾಗಿತ್ತು. 1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಅವರ ತಮ್ಮ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಮೊದಲೇ ತೀರಿಕೊಂಡಿದ್ದರು. ಆದ್ದರಿಂದ ಯುವರಾಜರ ಮಗ ಜಯಚಾಮರಾಜ ಒಡೆಯರು ಸಿಂಹಾಸನವೇರಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. 1946ರಲ್ಲಿ ದಿವಾನರಾಗಿ ಬಂದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಅವರು ಅದೇ ವರ್ಷ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾಗಿದ್ದವರು. ದೇಶದೇಶಗಳ ಪ್ರತಿನಿಧಿಗಳ ನಡುವೆ ಕುಳಿತು ಬಂದ ಅನುಭವಿ ಆಡಳಿತಗಾರರು.

1947ರ ಆಗಸ್ಟ್ 9ರಂದು ಮಹಾರಾಜರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ರಕ್ಷಣೆ, ವಿದೇಶಾಂಗ ವ್ಯವಹಾರ, ಸಂಪರ್ಕ ಈ ಮೂರು ವಿಷಯಗಳು ಒಕ್ಕೂಟಕ್ಕೆ ಹೋದವು. ರಾಜ್ಯದೊಳಗಿನ ಆಡಳಿತ ಅರಮನೆಯಲ್ಲಿಯೇ ಉಳಿಯಿತು. ಈಗ ಎರಡು ಪಕ್ಷಗಳೂ ಎದುರುಬದುರು ನಿಂತವು. ಸ್ವತಂತ್ರ ಭಾರತದಲ್ಲಿ ಮೈಸೂರಿನ ಜನ ಮಾತ್ರ ಯಾಕೆ ಸ್ವತಂತ್ರರಲ್ಲ ಎಂಬುದು ಕಾಂಗ್ರೆಸ್ಸಿನ ಪ್ರಶ್ನೆ. ಸುಧಾರಣೆ ಕ್ರಮಕ್ರಮವಾಗಿ ಬರಬೇಕು, ಎಲ್ಲ ವರ್ಗಗಳನ್ನೂ ಒಳಗೊಂಡು ಬರಬೇಕು ಎಂಬುದು ಸರ್ಕಾರದ ನಿಲುವು. ಮಾತು ಮುಂದುವರಿಯಲಿಲ್ಲ. ರಾಜಕೀಯದಲ್ಲಿ ಬಿಕ್ಕಟ್ಟು ಎಂದರೆ ಇದೇ. ಸರ್ಕಾರಕ್ಕೆ ಆಳುವ ಅಧಿಕಾರವಿದೆ, ಜನರ ಒಪ್ಪಿಗೆ ಇಲ್ಲ. ವಿರೋಧ ಪಕ್ಷಕ್ಕೆ ಜನರ ಒಪ್ಪಿಗೆ ಇದೆ, ಆಳುವ ಅಧಿಕಾರವಿಲ್ಲ. ಒಬ್ಬರಿಲ್ಲದೆ ಇನ್ನೊಬ್ಬರು ಮುಂದಕ್ಕೆ ಹೋಗಲಾರರು.

1947ರ ಸೆಪ್ಟೆಂಬರ್ ಮೊದಲ ವಾರ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ಅರಮನೆಯ ಮುಂದೆ ಸತ್ಯಾಗ್ರಹ ಮಾಡುವುದು ಅದರ ಉದ್ದೇಶವಾದ್ದರಿಂದ ಅದನ್ನು ಅರಮನೆ ಸತ್ಯಾಗ್ರಹ ಎಂದೂ ಕರೆದರು. ಕೆ.ಸಿ. ರೆಡ್ಡಿಯವರು ಸೇರಿದಂತೆ ನಾಯಕರು ಸೆರೆಮನೆ ಸೇರಿದರು. ಚಳವಳಿ ನಿಲ್ಲಲಿಲ್ಲ. ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು. ಕಾರ್ಮಿಕರು ಮುಷ್ಕರ ಹೂಡಿದರು. ಸಂಸ್ಥಾನದ ಗಡಿಯಾಚೆ, ಮದರಾಸು ಮತ್ತು ಮುಂಬಯಿ ಪ್ರಾಂತಗಳ ನೆಲದಲ್ಲಿ, ಶಿಬಿರಗಳನ್ನು ಹೂಡಿ ಅಲ್ಲಿಂದ ಸತ್ಯಾಗ್ರಹಿಗಳು ಒಳಬರುತ್ತಿದ್ದರು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಮೈಸೂರಿಗೆ ಹೋದವರು ರಾಮಸ್ವಾಮಿ ವೃತ್ತವನ್ನು ನೋಡಿರುತ್ತೀರಿ. ಅದು ಯಾವುದೋ ಹಿರಿಯ ಅಧಿಕಾರಿಯ ಹೆಸರಲ್ಲ. ನಿಮ್ಮ ವಯಸ್ಸಿನ ಒಬ್ಬ ಹುಡುಗನ ಹೆಸರು.

ಇಷ್ಟಾದ ಮೇಲೆ ಎರಡು ಕಡೆಯವರ ಮುಂದೆಯೂ ಎರಡೆರಡು ದಾರಿಗಳಿದ್ದವು. ಈ ಘಟ್ಟವನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕು.

ಮಹಾರಾಜರಿಗೆ ಆಗ ಇಪ್ಪತ್ತೆಂಟು ವರ್ಷ. ಅವರ ಹಿಂದೆ ಶತಮಾನಗಳ ರಾಜವಂಶವಿತ್ತು. ಪೊಲೀಸು ಮತ್ತು ಸೈನ್ಯ ಅವರ ಅಧೀನದಲ್ಲಿದ್ದವು. ಚಳವಳಿಯನ್ನು ಇನ್ನಷ್ಟು ದಿನ ಅದುಮಿಡುವುದು ಅಸಾಧ್ಯವೇನೂ ಆಗಿರಲಿಲ್ಲ. ಆದರೆ ಅದುಮಿಟ್ಟ ಪ್ರತಿಯೊಂದು ದಿನವೂ ಅರಮನೆಗಿದ್ದ ಜನರ ಪ್ರೀತಿಯಲ್ಲಿ ಒಂದು ಪಾಲನ್ನು ತಿಂದುಹಾಕುತ್ತಿತ್ತು. ಬೆಂಬಲಕ್ಕೆ ಬರಲು ಬ್ರಿಟಿಷ್ ಸಾರ್ವಭೌಮತ್ವ ಈಗ ಇರಲಿಲ್ಲ. ದೆಹಲಿಯಲ್ಲಿ ಇದ್ದವರು ನೆಹರೂ ಮತ್ತು ಪಟೇಲ್. ಅವರ ಸಹಾನುಭೂತಿ ಪ್ರಜೆಗಳ ಕಡೆಗಿತ್ತು.

ಕಾಂಗ್ರೆಸ್ ನಾಯಕರ ಕಷ್ಟವೂ ಸಣ್ಣದಲ್ಲ. ಅವರ ಅನುಯಾಯಿಗಳು ಸೆರೆಯಲ್ಲಿದ್ದರು, ಕೆಲವರು ಸತ್ತಿದ್ದರು. ಇಂಥ ಹೊತ್ತಿನಲ್ಲಿ ರಾಜಿಗೆ ಒಪ್ಪಿದರೆ ಹೋರಾಟವನ್ನು ಮಾರಿಕೊಂಡರು ಎಂಬ ಮಾತು ಬರುತ್ತದೆ. ಒಪ್ಪದಿದ್ದರೆ ಇನ್ನಷ್ಟು ಸಾವು, ಇನ್ನಷ್ಟು ಅವ್ಯವಸ್ಥೆ. ಜನ ಆಗಲೇ ಯುದ್ಧಕಾಲದಿಂದ ಬಂದ ಪಡಿತರ, ಧಾನ್ಯದ ಲೆವಿ ಮತ್ತು ಬೆಲೆ ಏರಿಕೆಗಳಿಂದ ಬಸವಳಿದಿದ್ದರು. ಅದೂ ಅಲ್ಲದೆ ರಾಜ್ಯದೊಳಗೆ ಕಾಂಗ್ರೆಸ್ಸಿನ ಹೊರಗಿದ್ದ ಜನರೂ ಇದ್ದರು. ಅರಮನೆಯ ಅಧಿಕಾರ ಹೋದರೆ ತಮ್ಮ ಸಮುದಾಯಗಳ ಗತಿ ಏನು ಎಂಬ ಅಂಜಿಕೆ ಅವರದು. ಆ ಅಂಜಿಕೆಯನ್ನು ಅರಮನೆಯ ತಂತ್ರವೆಂದು ತಳ್ಳಿಹಾಕಬಹುದಾಗಿತ್ತು. ಹಾಗೆ ಮಾಡಿದ್ದರೆ ಮುಂದಿನ ಸರ್ಕಾರ ಮೊದಲ ದಿನದಿಂದಲೇ ಅರ್ಧ ಜನರ ಅನುಮಾನವನ್ನು ಹೊತ್ತುಕೊಂಡು ಹುಟ್ಟುತ್ತಿತ್ತು.

ಕಡೆಗೆ ನಾಯಕರ ಬಿಡುಗಡೆಯಾಯಿತು, ಮಾತುಕತೆ ನಡೆಯಿತು. 1947ರ ಅಕ್ಟೋಬರ್ 12ರಂದು ಒಪ್ಪಂದ ಪ್ರಕಟವಾಯಿತು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು. ಮೈಸೂರಿಗೆ ಅವರೇ ಮೊದಲ ಮುಖ್ಯಮಂತ್ರಿ.

ಒಪ್ಪಂದದಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಮಹಾರಾಜರು ಬಿಟ್ಟುಕೊಟ್ಟದ್ದು ಬಹಳ ದೊಡ್ಡದು. ಆಡಳಿತ ನಡೆಸುವ ಅಧಿಕಾರವನ್ನು ಜನಪ್ರತಿನಿಧಿಗಳ ಮಂತ್ರಿಮಂಡಲಕ್ಕೆ ಒಪ್ಪಿಸಿದರು. ರಾಜ್ಯಕ್ಕೆ ಹೊಸ ಸಂವಿಧಾನ ರಚಿಸಲು ಜನರ ಸಭೆಯೊಂದು ಸೇರಬೇಕೆಂಬುದನ್ನೂ ಒಪ್ಪಿದರು. ಅಂದರೆ ತಮ್ಮ ಸ್ಥಾನಮಾನ ಏನಿರಬೇಕೆಂದು ಇತರರು ಕುಳಿತು ತೀರ್ಮಾನಿಸುವುದಕ್ಕೆ ಒಪ್ಪಿದರು ಎಂದು ಅರ್ಥ.

ಕಾಂಗ್ರೆಸ್ಸೂ ಬಿಟ್ಟುಕೊಟ್ಟಿತು. ಒಂಬತ್ತು ಮಂದಿಯ ಮಂತ್ರಿಮಂಡಲದಲ್ಲಿ ಅದಕ್ಕೆ ದೊರೆತದ್ದು ಆರು ಸ್ಥಾನ. ರೆಡ್ಡಿಯವರೊಂದಿಗೆ ಎಚ್.ಸಿ. ದಾಸಪ್ಪ, ಕೆ.ಟಿ. ಭಾಷ್ಯಂ, ಎಚ್. ಸಿದ್ದಯ್ಯ, ಆರ್. ಚೆನ್ನಿಗರಾಮಯ್ಯ, ಟಿ. ಮರಿಯಪ್ಪ ಇವರು ಕಾಂಗ್ರೆಸ್ಸಿನ ಮಂತ್ರಿಗಳು. ಉಳಿದ ಮೂರು ಸ್ಥಾನಗಳು ಕಾಂಗ್ರೆಸ್ಸಿನ ಹೊರಗಿನವರಿಗೆ: ಡಿ.ಎಚ್. ಚಂದ್ರಶೇಖರಯ್ಯ, ಮಹಮ್ಮದ್ ಷರೀಫ್, ಪಿ. ಸುಬ್ಬರಾಮ ಶೆಟ್ಟಿ. ಹೋರಾಡಿದವರು ನಾವು, ಜೈಲಿಗೆ ಹೋದವರು ನಾವು, ಸ್ಥಾನ ಅವರಿಗೇಕೆ ಎಂದು ಕೇಳುವುದು ಸಹಜ. ಆದರೂ ಕಾಂಗ್ರೆಸ್ ಒಪ್ಪಿತು. ದಿವಾನರ ಹುದ್ದೆಯೂ ಕೂಡಲೇ ರದ್ದಾಗಲಿಲ್ಲ. ಯಾರ ಸರ್ಕಾರದ ವಿರುದ್ಧ ಚಳವಳಿ ನಡೆದಿತ್ತೋ ಆ ರಾಮಸ್ವಾಮಿ ಮೊದಲಿಯಾರರೇ 1949ರವರೆಗೆ ದಿವಾನರಾಗಿದ್ದರು. ತಮ್ಮನ್ನು ಜೈಲಿಗೆ ಕಳಿಸಿದ ಸರ್ಕಾರದ ದಿವಾನರೊಂದಿಗೇ ಈ ಮಂತ್ರಿಗಳು ಕೆಲಸ ಮಾಡಬೇಕಾಯಿತು.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಕಾಂಗ್ರೆಸ್ ಸ್ಥಾನಗಳಲ್ಲಿ ರಾಜಿ ಮಾಡಿಕೊಂಡಿತು, ಕಾಲದಲ್ಲಿ ರಾಜಿ ಮಾಡಿಕೊಂಡಿತು, ವ್ಯಕ್ತಿಗಳಲ್ಲಿ ರಾಜಿ ಮಾಡಿಕೊಂಡಿತು. ತತ್ತ್ವದಲ್ಲಿ ರಾಜಿ ಮಾಡಿಕೊಳ್ಳಲಿಲ್ಲ. ಒಂಬತ್ತರಲ್ಲಿ ಆರು ಎಂದರೆ ಸ್ಪಷ್ಟವಾದ ಬಹುಮತ. ಮುಖ್ಯಮಂತ್ರಿ ಜನರ ಪಕ್ಷದವರು. ಸರ್ಕಾರ ಅರಮನೆಗಲ್ಲದೆ ಜನರಿಗೆ ಉತ್ತರ ಹೇಳಬೇಕೆಂಬ ಮೂಲ ಬೇಡಿಕೆ ಪೂರ್ತಿಯಾಗಿ ಗೆದ್ದಿತು. 1938ರ ಧ್ವಜ ಒಪ್ಪಂದಕ್ಕೂ 1947ರ ಒಪ್ಪಂದಕ್ಕೂ ಇರುವ ಅಂತರ ಇದೇ. ಮೊದಲನೆಯದು ಜಗಳದ ಗುರುತನ್ನು ಮಾತ್ರ ಇತ್ಯರ್ಥ ಮಾಡಿತು. ಎರಡನೆಯದು ಜಗಳದ ಬೇರಿಗೆ ಕೈ ಹಾಕಿತು. ಸಂಧಾನಕ್ಕೆ ಕುಳಿತವರಿಗೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ವಿವೇಕ ಇರಬೇಕು. ಎಲ್ಲವನ್ನೂ ಹಿಡಿದುಕೊಂಡರೆ ಒಪ್ಪಂದವಾಗುವುದಿಲ್ಲ; ಎಲ್ಲವನ್ನೂ ಬಿಟ್ಟರೆ ಅದು ಶರಣಾಗತಿ.

ಒಪ್ಪಂದದಲ್ಲಿ ಕೊರತೆಗಳೂ ಇದ್ದವು. ಹೊಸ ಮಂತ್ರಿಮಂಡಲ ಹೊಸ ಚುನಾವಣೆಯಿಂದ ಬಂದದ್ದಲ್ಲ. ವಯಸ್ಕರೆಲ್ಲರಿಗೂ ಮತದಾನದ ಹಕ್ಕು ದೊರೆತು ಯಗಟಿಯ ಕೂಲಿಕಾರನೂ ಅವನ ಹೆಂಡತಿಯೂ ಮತಗಟ್ಟೆಗೆ ಹೋಗುವುದಕ್ಕೆ ಮೊದಲ ಮಹಾಚುನಾವಣೆಯವರೆಗೆ, ಅಂದರೆ 1952ರವರೆಗೆ, ಕಾಯಬೇಕಾಯಿತು. ಜವಾಬ್ದಾರಿ ಸರ್ಕಾರ ಬಂತೆಂದು ಮರುದಿನವೇ ಕೆರೆಯ ಏರಿ ರಿಪೇರಿಯಾಗಲಿಲ್ಲ, ಲೆವಿ ನಿಲ್ಲಲಿಲ್ಲ. ಬದಲಾದದ್ದು ಬೇರೊಂದು. ರಿಪೇರಿ ಮಾಡದ ಸರ್ಕಾರವನ್ನು ಬದಲಾಯಿಸುವ ದಾರಿ ಮೊದಲ ಬಾರಿಗೆ ತೆರೆಯಿತು.

ಒಪ್ಪಂದದ ಮುಂದಿನ ಹೆಜ್ಜೆಗಳೂ ಗಮನಾರ್ಹವಾದವು. ಮೈಸೂರಿಗೆ ಸಂವಿಧಾನ ರಚಿಸಲು ಸೇರಿದ ಸಭೆ, ಬೇರೆ ಸಂವಿಧಾನ ಬೇಡ, ಭಾರತದ ಸಂವಿಧಾನವೇ ನಮಗೂ ಇರಲಿ ಎಂಬ ನಿಲುವಿಗೆ ಬಂತು. 1949ರ ನವೆಂಬರ್ 25ರಂದು ಮಹಾರಾಜರು ಅದನ್ನು ಒಪ್ಪಿ ಘೋಷಣೆ ಹೊರಡಿಸಿದರು. ರಂಗಾಚಾರ್ಲು ಅವರು ಆರಂಭಿಸಿದ್ದ ಪ್ರಜಾಪ್ರತಿನಿಧಿ ಸಭೆ ಅದೇ ವರ್ಷದ ಡಿಸೆಂಬರಿನಲ್ಲಿ ವಿಸರ್ಜನೆಯಾಯಿತು. ಹೇಳುವ ಹಕ್ಕಿನ ಸಭೆ ಅರವತ್ತೆಂಟು ವರ್ಷ ಬಾಳಿ, ನಿರ್ಧರಿಸುವ ಹಕ್ಕಿನ ಶಾಸನಸಭೆಗೆ ಜಾಗ ಬಿಟ್ಟುಕೊಟ್ಟಿತು. 1950ರ ಜನವರಿ 26ರಿಂದ ಜಯಚಾಮರಾಜ ಒಡೆಯರು ಮೈಸೂರಿನ ರಾಜಪ್ರಮುಖರಾದರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರಾದರು. 1964ರಲ್ಲಿ ಮದರಾಸಿನ ರಾಜ್ಯಪಾಲರಾಗಿ ಹೋದರು. ಸಿಂಹಾಸನದಿಂದ ಇಳಿದ ಅರಸರೊಬ್ಬರು ಅದೇ ನಾಡಿನಲ್ಲಿ ಸಂವಿಧಾನದ ಹುದ್ದೆಯಲ್ಲಿ ಗೌರವದಿಂದ ಕುಳಿತದ್ದು ಸಾಧ್ಯವಾದದ್ದು 1947ರಲ್ಲಿ ಅವರು ಸಕಾಲಕ್ಕೆ ಬಿಟ್ಟುಕೊಟ್ಟದ್ದರಿಂದ.

ಸಕಾಲಕ್ಕೆ ಬಿಟ್ಟುಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಅದೇ ವರ್ಷಗಳಲ್ಲಿ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕನ್ನಡಿಗರು ಹೈದರಾಬಾದಿನ ನಿಜಾಮರ ಆಡಳಿತದಲ್ಲಿದ್ದರು. ಅಲ್ಲಿಯ ಪ್ರಜೆಗಳದೂ ಜವಾಬ್ದಾರಿ ಸರ್ಕಾರದ ಬೇಡಿಕೆಯೇ. ನಿಜಾಮರು 1947ರ ನವೆಂಬರಿನಲ್ಲಿ ಭಾರತದೊಂದಿಗೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡರು. ತಮ್ಮ ಪ್ರಜೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳಲಿಲ್ಲ. ರಜಾಕಾರರ ಹಾವಳಿಯಲ್ಲಿ ಹಳ್ಳಿಗಳು ನರಳಿದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. 17ರಂದು ನಿಜಾಮರು ಸೋಲೊಪ್ಪಿದರು. ಬಿಕ್ಕಟ್ಟು ಅಲ್ಲಿಯೂ ಮುಗಿಯಿತು. ಆದರೆ ಅದಕ್ಕೆ ತೆತ್ತ ಬೆಲೆ ಎಷ್ಟೋ ಪಾಲು ಹೆಚ್ಚು.

ಇನ್ನೊಂದು ನಿದರ್ಶನ ನಮ್ಮ ನೆರೆಯ ನೇಪಾಳದ್ದು. ಅಲ್ಲಿ 1960ರಲ್ಲಿ ದೊರೆ ಮಹೇಂದ್ರರು ಚುನಾಯಿತ ಸರ್ಕಾರವನ್ನು ವಜಾ ಮಾಡಿದರು. ಮುಂದೆ ಮೂವತ್ತು ವರ್ಷ ರಾಜಕೀಯ ಪಕ್ಷಗಳಿಗೆ ನಿಷೇಧವಿತ್ತು. 1990ರ ಫೆಬ್ರವರಿಯಲ್ಲಿ ಜನಾಂದೋಲನ ಎದ್ದಿತು, ಗುಂಡು ಹಾರಿತು. ಏಪ್ರಿಲ್ 8ರಂದು ದೊರೆ ಬೀರೇಂದ್ರರು ವಿರೋಧ ಪಕ್ಷಗಳ ನಾಯಕರನ್ನು ಅರಮನೆಗೆ ಬರಮಾಡಿಕೊಂಡು ಮಾತನಾಡಿ, ಪಕ್ಷಗಳ ಮೇಲಿನ ನಿಷೇಧ ತೆಗೆದುಹಾಕಿದರು. ಕೃಷ್ಣಪ್ರಸಾದ್ ಭಟ್ಟರಾಯ್ ಪ್ರಧಾನಿಯಾದರು. ಅದೇ ವರ್ಷದ ನವೆಂಬರಿನಲ್ಲಿ ಹೊಸ ಸಂವಿಧಾನ ಬಂತು. ಮೈಸೂರಿನ ಕಥೆಗೂ ಇದಕ್ಕೂ ಬಹಳ ಹೋಲಿಕೆಯಿದೆ. ಆದರೆ ಮುಂದೆ 2005ರಲ್ಲಿ ದೊರೆ ಜ್ಞಾನೇಂದ್ರರು ಅಧಿಕಾರವನ್ನು ಮತ್ತೆ ತಮ್ಮ ಕೈಗೆ ತೆಗೆದುಕೊಂಡರು. 2006ರ ಏಪ್ರಿಲ್ ಚಳವಳಿಯ ಎದುರು ಮಣಿದು ಸಂಸತ್ತನ್ನು ಪುನಃ ಸ್ಥಾಪಿಸಬೇಕಾಯಿತು. 2008ರ ಮೇ 28ರಂದು ನೇಪಾಳದಲ್ಲಿ ರಾಜತ್ವವೇ ಕೊನೆಗೊಂಡಿತು. ಒಪ್ಪಂದ ಮಾಡಿಕೊಳ್ಳುವುದು ಅರ್ಧ ಕೆಲಸ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಉಳಿದ ಅರ್ಧ. ಮೈಸೂರಿನಲ್ಲಿ ಕೊಟ್ಟ ಅಧಿಕಾರವನ್ನು ಯಾರೂ ಹಿಂದಕ್ಕೆ ಕೇಳಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸದಿಂದ ನಾವು ಕಲಿಯಬೇಕಾದ್ದು ಏನು? ಸಂಧಾನ ಎಂದರೆ ಹೇಡಿತನ, ಹಟ ಎಂದರೆ ಶೌರ್ಯ ಎಂಬ ತಿಳಿವಳಿಕೆ ನಮ್ಮಲ್ಲಿ ಬೇಗ ಬೇರೂರುತ್ತದೆ. ಸಿನಿಮಾಗಳಲ್ಲಿಯೂ ಚುನಾವಣಾ ಭಾಷಣಗಳಲ್ಲಿಯೂ ಮಣಿಯದವನೇ ನಾಯಕ. 1947ರ ಮೈಸೂರು ಬೇರೆಯದನ್ನು ತೋರಿಸುತ್ತದೆ. ಹೋರಾಟವಿಲ್ಲದೆ ಮಾತುಕತೆಯ ಬಾಗಿಲು ತೆರೆಯಲಿಲ್ಲ ಎಂಬುದು ನಿಜ; ಅರವತ್ತಾರು ವರ್ಷ ವಿನಯದಿಂದ ಅಹವಾಲು ಹೇಳಿಕೊಂಡದ್ದರಿಂದ ಅದು ತೆರೆದಿರಲಿಲ್ಲ. ಮಾತುಕತೆಯಿಲ್ಲದೆ ಹೋರಾಟ ಫಲಿಸಲಿಲ್ಲ ಎಂಬುದೂ ಅಷ್ಟೇ ನಿಜ. ಬೀದಿಗೆ ಇಳಿಯುವುದಕ್ಕೆ ಧೈರ್ಯ ಬೇಕು. ಬೀದಿಯಿಂದ ಎದ್ದು ಬಂದು, ನಿನ್ನೆಯವರೆಗೆ ಎದುರಾಳಿಯಾಗಿದ್ದವನ ಮುಂದೆ ಕುಳಿತು, ನನ್ನವರಲ್ಲದವರಿಗೂ ಮೂರು ಸ್ಥಾನ ಇರಲಿ ಎನ್ನುವುದಕ್ಕೂ ಧೈರ್ಯ ಬೇಕು. ಎರಡನೆಯ ಧೈರ್ಯಕ್ಕೆ ಜಯಕಾರ ಹಾಕುವವರು ಕಡಿಮೆ.

ನಿಮಗೆ ಒಂದು ಕೆಲಸ ಹೇಳುತ್ತೇನೆ. ನೀವು ಯಗಟಿಯವರಿರಲಿ, ಬೀರೂರು, ತರೀಕೆರೆ, ಅಜ್ಜಂಪುರದವರಿರಲಿ, ನಿಮ್ಮ ಊರಿನಲ್ಲಿ ಮೈಸೂರು ಚಲೋ ಕಾಲದ ನೆನಪು ಯಾವ ಮನೆಯಲ್ಲಾದರೂ ಉಳಿದಿದೆಯೇ ಎಂದು ವಿಚಾರಿಸಿ. ಆಗ ಶಾಲೆ ಬಿಟ್ಟು ಮೆರವಣಿಗೆಗೆ ಹೋದವರ ಮಕ್ಕಳು, ಮೊಮ್ಮಕ್ಕಳು ಇದ್ದಾರು. ಅಪ್ಪ, ಅಜ್ಜ ಹೇಳುತ್ತಿದ್ದುದನ್ನು ಅವರ ಬಾಯಿಂದ ಕೇಳಿ ಬರೆದಿಟ್ಟುಕೊಳ್ಳಿ. ಹಾಗೆಯೇ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮಸಭೆ ಎಂದು ನಡೆಯುತ್ತದೆ, ಅಲ್ಲಿ ನಿಮ್ಮ ಊರಿನ ಕೆರೆಯ ಬಗ್ಗೆ ಯಾರು ಏನು ಕೇಳಿದರು, ಅದಕ್ಕೆ ಯಾರು ಉತ್ತರ ಹೇಳಿದರು ಎಂಬುದನ್ನೂ ಒಮ್ಮೆ ಹೋಗಿ ನೋಡಿ. ಉತ್ತರ ಹೇಳಲೇಬೇಕಾದ ಸರ್ಕಾರ ಎಂಬುದು ನಮಗೆ ಬಂದದ್ದು ಹೇಗೆ ಎಂದು ತಿಳಿದವರಿಗೆ ಆ ಸಭೆಯಲ್ಲಿ ಎದ್ದು ನಿಂತು ಕೇಳುವ ಪ್ರಶ್ನೆಯ ಬೆಲೆಯೂ ತಿಳಿಯುತ್ತದೆ.